ತೂಗುಹನಿಯಿಂದ ಅಂಗಾಂಶದ ಎಳೆ: ಕಲಬುರಗಿ ಬಿಸಿಲಲ್ಲಿ ನಾನು ಮಾಡುವ ರೀತಿ

ಜೀವಕೋಶಗಳನ್ನು ಉಂಡೆ ಕಟ್ಟಿಸಿ, ಆ ಉಂಡೆಗಳನ್ನು ಸಾಲಾಗಿ ಕೂಡಿಸಿ ಎಳೆ ಮಾಡುವುದಕ್ಕೆ ದುಬಾರಿ ಪ್ರಿಂಟರ್ ಬೇಕಿಲ್ಲ. ಆದರೆ ಮುಚ್ಚಳದಿಂದ ತಲೆಕೆಳಗಾಗಿ ತೂಗುವ, ಕೋಶ ತುಂಬಿದ 20 ಮೈಕ್ರೋಲೀಟರಿನ ಹನಿ (ಅದೇ ತೂಗುಹನಿ) ಆರದಂತೆ ಕಾಯಬೇಕು. ಮೇ ತಿಂಗಳ ಕಲಬುರಗಿಯಲ್ಲಿ ಅದೇ ದೊಡ್ಡ ಕೆಲಸ.

ನಾನು ಬಳಸುವುದು ಎನ್‌ಐಎಚ್ 3ಟಿ3 ಎಂಬ ಕೋಶಸಾಲು, ಇಲಿಯ ಫೈಬ್ರೊಬ್ಲಾಸ್ಟ್ (ಅಂಗಾಂಶ ಕಟ್ಟುವ ಕೋಶ). ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಲ್ಲಿ ಸಿಗುತ್ತದೆ. ತಟ್ಟೆಗೆ ಅಂಟಿದ ಕೋಶಗಳನ್ನು ಬಿಡಿಸಲು ಟ್ರಿಪ್ಸಿನ್ ಎಂಬ ಕಿಣ್ವ ಶೇ. 0.25, ಎರಡು ಮೂರು ನಿಮಿಷ ಸಾಕು. ಹೆಚ್ಚು ಬಿಟ್ಟರೆ ಕೋಶದ ಮೈಮೇಲಿನ ಅಂಟುಪ್ರೋಟೀನುಗಳೇ ಕತ್ತರಿಸಿಹೋಗಿ ಉಂಡೆ ಕಟ್ಟುವುದು ತಡವಾಗುತ್ತದೆ. ಸತ್ತ ಕೋಶಕ್ಕೆ ಮಾತ್ರ ಬಣ್ಣ ಹಿಡಿಸುವ ಟ್ರಿಪಾನ್ ನೀಲಿ ಹಾಕಿ ಎಣಿಸಿ, ಮಿಲಿಲೀಟರಿಗೆ 1 ಲಕ್ಷಕ್ಕೆ ತರುತ್ತೇನೆ. ಹನಿಗೆ 2,000 ಕೋಶ. ಉಂಡೆಯ ಅಡ್ಡಳತೆ 200 ಮೈಕ್ರಾನಿನ ಆಸುಪಾಸು ಬರುತ್ತದೆ. ದೊಡ್ಡದಾಗಲಿ ಎಂಬ ಆಸೆ ಬೇಡ: 500 ಮೈಕ್ರಾನ್ ದಾಟಿದರೆ ಆಮ್ಲಜನಕ ನಡುವಿಗೆ ಇಳಿಯದೆ ಒಳಗಿನವು ಸಾಯುತ್ತವೆ.

ಪೆಟ್ರಿ ತಟ್ಟೆಯ ಮುಚ್ಚಳದ ಒಳಮೈಗೆ ಹನಿ ಇಟ್ಟು, ಒಂದೇ ಏಟಿಗೆ ತಿರುವಿ ಮುಚ್ಚಬೇಕು. ಕೈ ನಡುಗಿದರೆ ಎರಡು ಹನಿ ಒಂದಾದವೇ ಸರಿ. ಒಳಗೆ ತೇವ ಉಳಿಯಲು ತಟ್ಟೆಯ ತಳಕ್ಕೆ ಪಿಬಿಎಸ್ (ಕೋಶಕ್ಕೆ ಹೊಂದುವ ಉಪ್ಪುನೀರು) ಹಾಕುವುದನ್ನು ಮರೆಯಬೇಡಿ. 1907ರಲ್ಲಿ ಅಮೆರಿಕದ ವಿಜ್ಞಾನಿ ರಾಸ್ ಹ್ಯಾರಿಸನ್ ಕಪ್ಪೆ ಭ್ರೂಣದ ನರತುಂಡು ಬೆಳೆಸಿದ್ದೂ ತೂಗುಹನಿಯಲ್ಲೇ. ಹುಡ್‌ನ (ಶುದ್ಧ ಗಾಳಿ ಬೀಸುವ ಕೆಲಸದ ಪೆಟ್ಟಿಗೆಯ) ಗಾಳಿಯಲ್ಲಿ ಒಂದು ತಟ್ಟೆಗೆ ಹತ್ತು ನಿಮಿಷ ಮೀರಬಾರದು. ಹನಿ ಆರಿದಷ್ಟೂ ಉಪ್ಪು ಏರಿ ಕೋಶ ಸುಕ್ಕುಗಟ್ಟುತ್ತದೆ.

ಇನ್ನು ತಟ್ಟೆಗಳನ್ನು 37 ಡಿಗ್ರಿಯಲ್ಲಿ ಇಡುವ ಇನ್ಕ್ಯುಬೇಟರ್ ಮಾತು. ಬಹಳಷ್ಟು ಯಂತ್ರಗಳಿಗೆ ಬಿಸಿ ಮಾಡುವುದಷ್ಟೇ ಗೊತ್ತು, ತಣ್ಣಗೆ ಮಾಡಲು ಬರುವುದಿಲ್ಲ. ಕೋಣೆ 37ಕ್ಕಿಂತ ನಾಲ್ಕೈದು ಡಿಗ್ರಿಯಾದರೂ ಕೆಳಗಿರಬೇಕು. ಕರೆಂಟ್ ಹೋಗಿ, ಇನ್ವರ್ಟರ್ ಯಂತ್ರವನ್ನು ಓಡಿಸಿ ಎಸಿಯನ್ನು ಓಡಿಸದಿದ್ದರೆ, ಪರದೆಯ ಮೇಲೆ 39 ಕಾಣುತ್ತದೆ. ಎಸಿಗೂ ಜನರೇಟರ್ ಸಾಲು ಎಳೆಸಿಕೊಳ್ಳಿ, ಇಲ್ಲವೇ ಮಳೆಗಾಲಕ್ಕೆ ಕಾಯಿರಿ. ತೇವದ ಟ್ರೇಗೆ ಬೋರ್‌ವೆಲ್ ನೀರು ಬೇಡವೇ ಬೇಡ. ಸುಣ್ಣಗಲ್ಲಿನ ನೆಲ ನಮ್ಮದು, ಬಿಳಿ ಪೊರೆ ಕಟ್ಟುತ್ತದೆ. ಎರಡು ಸಲ ಬಟ್ಟಿ ಇಳಿಸಿದ ನೀರನ್ನೇ ಹಾಕಿ.

ಎರಡು ಮೂರು ದಿನಕ್ಕೆ ಉಂಡೆ ಗಟ್ಟಿಯಾಗುತ್ತದೆ. ಅಷ್ಟರೊಳಗೆ ಉಂಡೆಗಳನ್ನು ಸಾಲಾಗಿ ಕೂರಿಸುವ ಅಚ್ಚು: ಶೇ. 2 ಅಗರೋಸ್ (ಕಡಲಕಳೆಯಿಂದ ಬರುವ, ಜೆಲ್ಲಿಯಾಗುವ ಪುಡಿ) ಕುದಿಸಿ ಸುರಿದು, ತಣಿದು ಗಟ್ಟಿಯಾಗುವ ಮುಂಚೆ 26 ಗೇಜಿನ ಸೂಜಿಯನ್ನು ಮೇಲ್ಮೈಯಲ್ಲಿ ಅರ್ಧ ಮುಳುಗುವಂತೆ ಹಿಡಿದರೆ ಅರೆ ಮಿಲಿಮೀಟರಿಗೂ ತುಸು ಕಡಿಮೆ ಅಗಲದ ತೋಡು ಬೀಳುತ್ತದೆ. ಕೋಶ ಅಗರೋಸಿಗೆ ಅಂಟುವುದಿಲ್ಲ, ಒಂದಕ್ಕೊಂದು ಅಂಟದೆ ಬೇರೆ ದಾರಿ ಇರುವುದಿಲ್ಲ. ಬಳಸುವ ಮೊದಲು ಅಚ್ಚನ್ನು ಮೀಡಿಯಂನಲ್ಲಿ (ಕೋಶ ಬೆಳೆಸುವ ಪೋಷಕ ದ್ರವದಲ್ಲಿ) ಎರಡು ಸಲ, ಗಂಟೆ ಗಂಟೆ ನೆನೆಸಿ.

ಉಂಡೆ ಎತ್ತಲು 200 ಮೈಕ್ರೋಲೀಟರಿನ ಟಿಪ್‌ನ ತುದಿಯನ್ನು ಸ್ಟೆರೈಲ್ ಬ್ಲೇಡಿನಿಂದ ಕತ್ತರಿಸಿ ಅಗಲ ಮಾಡಿಕೊಳ್ಳುತ್ತೇನೆ. ಸೂಕ್ಷ್ಮದರ್ಶಕವನ್ನು ಶಹಾಬಾದ್ ಕಲ್ಲಿನ ಕಟ್ಟೆಯ ಮೇಲಿಟ್ಟರೆ ಅಲುಗಾಟ ಕಡಿಮೆ. ಉಂಡೆಗೆ ಉಂಡೆ ತಾಗಿಸಿ ಜೋಡಿಸಿ. ಸಾರಿನ ಮೇಲಿನ ಎಣ್ಣೆ ಹನಿಗಳಂತೆ ಒಂದರಿಂದ ಮೂರು ದಿನದಲ್ಲಿ ಕೂಡಿಕೊಳ್ಳುತ್ತವೆ. ವಾರ ಹಳೆಯ ಉಂಡೆಗಳು ಗಟ್ಟಿಯಾಗಿಬಿಟ್ಟಿರುತ್ತವೆ, ಮುಟ್ಟಿಕೊಂಡಿದ್ದರೂ ಪೂರ್ತಿ ಬೆರೆಯುವುದಿಲ್ಲ. ಎಳೆ ಕೂಡುತ್ತಾ ಗಿಡ್ಡವೂ ಆಗುತ್ತದೆ, ಆಗ ಸಂದು ಬಿಡುತ್ತದೆ. ಅದಕ್ಕೇ ಪ್ರತಿ ಸಲವೂ ಒಂದು ದಿನ ತಡವಾಗಿ ಹಾಕಿದ ನಾಲ್ಕಾರು ಹೆಚ್ಚುವರಿ ಹನಿ ಇಟ್ಟಿರುತ್ತೇನೆ, ಸಂದು ಕಂಡ ದಿನವೇ ಅಲ್ಲಿ ಒಂದು ಉಂಡೆ ಕೂರಿಸಲು.