ಹಳೇ ಪಿಕಪ್ ಆಯಿಲ್ ಕುಡೀತಿದ್ಯಾ? ಎಂಜಿನ್ ಇಳಿಸೋಕೆ ಮುಂಚೆ ಇಷ್ಟು ನೋಡ್ಕೊಳ್ಳಿ

ಗಾಡಿ ನಿಂತ ಜಾಗದಲ್ಲಿ ಒಂದು ಹನಿ ಬಿದ್ದಿರಲ್ಲ, ಹೊಗೆನೂ ಅಂಥದ್ದೇನಿಲ್ಲ, ಆದ್ರೂ ಡಿಪ್‌ಸ್ಟಿಕ್ ಎಳೆದ್ರೆ ಆಯಿಲ್ ಕೆಳಗಿನ ಗೆರೆ ಹತ್ರ ಬಂದಿರತ್ತೆ. ಹಳೇ ಬೊಲೆರೊ ಪಿಕಪ್, ಟಾಟಾ 207 ಇಟ್ಕೊಂಡು ತರಕಾರಿ, ಇಟ್ಟಿಗೆ ಲೋಡ್ ಹೊಡೆಯೋರಿಗೆಲ್ಲ ಗೊತ್ತಿರೋ ತಲೆನೋವೇ ಇದು. ಗ್ಯಾರೇಜಿಗೆ ಹೋದ್ರೆ ಎಷ್ಟೋ ಕಡೆ ಬಾನೆಟ್ ಎತ್ತೋಕೂ ಮುಂಚೆ ‘ಬೋರ್ ಹೋಗಿದೆ, ಎಂಜಿನ್ ಇಳಿಸ್ಬೇಕು’ ಅಂತಾರೆ, ಅಂದ್ರೆ ಪಿಸ್ಟನ್ ಓಡಾಡೋ ಸಿಲಿಂಡರ್ ಒಳಗೋಡೆ ಸವೆದಿದೆ ಅಂತ. ಇರಬಹುದು, ಆದ್ರೆ ಬಹಳ ಸಲ ಕಾರಣ ಒಂದು ಮಡ್ಡಿ ಕಟ್ಟಿದ ಪೈಪೋ, ಸವೆದ ಸೀಲೋ ಆಗಿರತ್ತೆ, ಹಾಗಾಗಿ ಕಾಸಿಲ್ಲದ ಕೆಲಸದಿಂದ ಶುರು ಮಾಡಿ, ಎಂಜಿನ್ ಬಿಚ್ಚೋ ಮಾತು ಕೊನೆಗಿರಲಿ.

ಮೊದಲು ಅಳತೆ ಸರಿ ಮಾಡ್ಕೊಳ್ಳಿ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಕಡ್ಡಿ ಒರೆಸಿ ನೋಡಿ, ಇಲ್ಲಾ ಬೆಳಿಗ್ಗೆ ಸ್ಟಾರ್ಟ್ ಮಾಡೋಕೆ ಮುಂಚೆ ನೋಡಿ, ಯಾವುದಾದ್ರೂ ಸರಿ ಆದ್ರೆ ಪ್ರತಿ ಸಲ ಒಂದೇ ರೀತಿ ನೋಡ್ಬೇಕು. ಮೇಲಿನ ಗೆರೆ ತನಕ ತುಂಬಿಸಿ, ಕಿಲೋಮೀಟರ್ ಬರ್ದಿಟ್ಟು, 1000 ಕಿ.ಮೀ. ಓಡಿದ್ಮೇಲೆ ಮತ್ತೆ ಅದೇ ಗೆರೆಗೆ ಬರೋಕೆ ಎಷ್ಟು ಹಾಕ್ಬೇಕಾಯ್ತು ಅಂತ ನೋಡಿ. ಸ್ವಲ್ಪ ಆಯಿಲ್ ಸುಡೋದು ಎಲ್ಲಾ ಎಂಜಿನ್‌ಗೂ ಇರೋದೇ, ಅರ್ಧ ಲೀಟರ್ ಒಳಗಿದ್ರೆ ಹಳೇ ಗಾಡಿಗೆ ನಾನಂತೂ ಗಾಬರಿ ಆಗಲ್ಲ. ಕಡ್ಡಿ ಮೂಸಿ ನೋಡೋದೂ ಮರೀಬೇಡಿ. ಡೀಸೆಲ್ ವಾಸನೆ ಬಂದು, ಆಯಿಲ್ ನೀರಿನಂಗಿದ್ರೆ ಡೀಸೆಲ್ ಸಂಪ್‌ಗೆ (ಎಂಜಿನ್ ತಳದ ಆಯಿಲ್ ತೊಟ್ಟಿಗೆ) ಇಳೀತಿದೆ, ಆಗ ಕಡ್ಡಿ ತೋರಿಸೋ ಲೆವೆಲ್ ನಂಬೋ ಹಾಗಿಲ್ಲ.

ಆಮೇಲೆ ಲೀಕ್. ಗಾಡಿ ಓಡ್ವಾಗ ಮಾತ್ರ ಸೋರಿ ಗಾಳಿಗೆ ಹಿಂದಕ್ಕೆ ಹರಡೋ ಆಯಿಲ್ ನಿಂತಾಗ ಕಾಣಲ್ಲ, ಚಾಸಿಸ್‌ಗೆ ಮೆತ್ಕೊಂಡು ಧೂಳು ಹಿಡ್ದಿರತ್ತೆ. ಡೀಸೆಲ್ ಹಾಕಿ ಬ್ರಷ್‌ನಲ್ಲಿ ಎಂಜಿನ್ ತೊಳ್ದು, ಚೆನ್ನಾಗಿ ಒಣಗಿಸಿ, ಅನುಮಾನ ಇರೋ ಕಡೆ ಮುಖದ ಪೌಡರ್ ಉದುರಿಸಿ, ಒಂದು ಮೂವತ್ತು ಕಿಲೋಮೀಟರ್ ಓಡ್ಸಿ ಬಂದು ಟಾರ್ಚ್ ಹಿಡ್ದು ನೋಡಿ. ಪೌಡರ್ ಎಲ್ಲಿ ಒದ್ದೆ ಆಗಿದ್ಯೋ ಅದರ ಮೇಲ್ಭಾಗದಲ್ಲೇ ಮೂಲ ಇರತ್ತೆ. ಟ್ಯಾಪೆಟ್ ಕವರ್ ಪ್ಯಾಕಿಂಗ್, ಆಯಿಲ್ ಫಿಲ್ಟರ್, ಆಯಿಲ್ ಪ್ರೆಷರ್ ಸ್ವಿಚ್, ಡ್ರೈನ್ ಬೋಲ್ಟ್ ವಾಷರ್ ಇವೆಲ್ಲ ಚಿಲ್ರೆ ಕೆಲಸ. ಎಂಜಿನ್, ಗೇರ್‌ಬಾಕ್ಸ್ ಸೇರೋ ಕಡೆ ಕೆಳಗಿಂದ ಎಂಜಿನ್ ಆಯಿಲ್ ಬರ್ತಿದ್ರೆ ಹೆಚ್ಚಾಗಿ ಹಿಂದಿನ ಕ್ರ್ಯಾಂಕ್ ಸೀಲ್, ಅದಕ್ಕೆ ಗೇರ್‌ಬಾಕ್ಸ್ ಇಳಿಸಲೇಬೇಕು.

ಆದ್ರೆ ಹೊಸ ಸೀಲ್ ಹಾಕೋಕೆ ಮುಂಚೆ ಎಂಜಿನ್ ಒಳಗಿನ ಗಾಳಿ ಹೊರಗೆ ಬಿಡೋ ಬ್ರೀದರ್ ಪೈಪ್ ಬಿಚ್ಚಿ ನೋಡಿ, ಇದನ್ನ ತುಂಬಾ ಜನ ಬಿಟ್ಬಿಡ್ತಾರೆ. ಅದು ಕರಿ ಮಡ್ಡಿ ಕಟ್ಕೊಂಡಿದ್ರೆ ಒಳಗಿನ ಗಾಳಿ ಹೋಗೋಕೆ ದಾರಿ ಇಲ್ದೆ ಆಯಿಲನ್ನ ಸಿಕ್ಕ ಸಿಕ್ಕ ಸೀಲಿಂದ ಹೊರಗೆ ತಳ್ಳತ್ತೆ, ಹೊಸ ಸೀಲೂ ಸೋರತ್ತೆ, ದುಡ್ಡು ದಂಡ.

ಈಗ ನಿಜವಾಗ್ಲೂ ನಿಗೂಢವಾದ ಜಾಗಕ್ಕೆ ಬರೋಣ, ವ್ಯಾಕ್ಯೂಮ್ ಪಂಪ್. ಇಂಥ ಹಳೇ ಡೀಸೆಲ್ ಪಿಕಪ್‌ಗಳಲ್ಲಿ ಬ್ರೇಕ್ ಬೂಸ್ಟರ್‌ಗೆ (ಪೆಡಲ್ ಹಗುರ ಮಾಡೋ ಡಬ್ಬಿಗೆ) ಬೇಕಾದ ವ್ಯಾಕ್ಯೂಮ್ ಕೊಡೋ ಪಂಪ್ ಸಾಮಾನ್ಯವಾಗಿ ಡೈನಮೋ ಬೆನ್ನಿಗೇ ಕೂತಿರತ್ತೆ. ಅದಕ್ಕೆ ಎಂಜಿನ್ ಆಯಿಲ್ ತರೋ ತೆಳ್ಳನೆ ಪೈಪ್ ಒಂದು, ಆಯಿಲ್ ವಾಪಸ್ ಸಂಪ್‌ಗೆ ಹೋಗೋ ದಪ್ಪ ಪೈಪ್ ಒಂದು, ಬೂಸ್ಟರ್ ಕಡೆ ಹೋಗೋ ಹೋಸ್ ಒಂದು. ಪಂಪ್ ಸೀಲ್ ಹೋದ್ರೆ ಆಯಿಲ್ ಸೀದಾ ಡೈನಮೋ ಒಳಗೆ ಇಳಿಯತ್ತೆ. ನಮ್ಮೂರಲ್ಲಿ ಟೊಮೆಟೊ ಹೊಡೆಯೋ ಒಂದು ಪಿಕಪ್‌ಗೆ ಚಾರ್ಜಿಂಗ್ ಇಲ್ಲ ಅಂತ ಕಾರ್ಬನ್ ಬ್ರಷ್ ಬದಲಾಯಿಸ್ತಾನೇ ಇದ್ರು, ಆಯಿಲ್ ಟಾಪಪ್ಪೂ ನಡೀತಾನೇ ಇತ್ತು, ಎರಡಕ್ಕೂ ಸಂಬಂಧ ಇದೆ ಅಂತ ಯಾರಿಗೂ ಹೊಳೀಲಿಲ್ಲ, ಡೈನಮೋ ಬಿಚ್ಚಿ ಬಗ್ಗಿಸಿದಾಗ ಕಪ್ಪು ಆಯಿಲ್ ಸುರೀತು. ವಾಪಸ್ ಪೈಪ್ ಮಡಚ್ಕೊಂಡಿದ್ರೂ ಇದೇ ಕಥೆ. ಬೂಸ್ಟರ್ ಹೋಸ್ ಒಳಗೆ ಬೆರಳಾಡಿಸಿ, ಆಯಿಲ್ ಜಿಡ್ಡಿದ್ರೆ ಒನ್‌ವೇ ವಾಲ್ವ್ ಕೆಲಸ ಮಾಡ್ತಿಲ್ಲ, ಅದು ಬ್ರೇಕ್ ವಿಚಾರ, ತಡ ಮಾಡ್ಬೇಡಿ.

ಇನ್ನೊಂದಿದೆ. ಬೂಸ್ಟರ್ ಒಳಗಿನ ರಬ್ಬರ್ ಪರದೆ, ಅಂದ್ರೆ ಡಯಾಫ್ರಾಮ್, ಹರಿದಿದ್ರೆ ಪಂಪ್ ಸದಾ ಗಾಳಿ ಎಳೆದು ಆಯಿಲ್ ಜೊತೆ ಸಂಪ್‌ಗೆ ತಳ್ತಾನೇ ಇರತ್ತೆ, ನೋಡೋರಿಗೆ ಥೇಟ್ ಬೋರ್ ಹೋದ ಎಂಜಿನ್ ಥರಾನೇ ಬ್ರೀದರ್‌ನಿಂದ ಬುಸುಗುಡತ್ತೆ. ಗಾಡಿ ನಿಲ್ಸಿ, ಹ್ಯಾಂಡ್‌ಬ್ರೇಕ್ ಹಾಕಿ, ಐಡ್ಲಿಂಗ್‌ನಲ್ಲಿ ಬೂಸ್ಟರ್ ಹೋಸ್ ಪಂಪ್ ಹತ್ರ ಬಿಚ್ಚಿ ಪಂಪ್ ಬಾಯಿ ಬಿಗಿಯಾಗಿ ಮುಚ್ಚಿ ನೋಡಿ, ಬುಸುಗುಡೋದು ಕಮ್ಮಿ ಆದ್ರೆ ಬೋರ್ ಮೇಲಿನ ಅನುಮಾನ ಪಕ್ಕಕ್ಕಿಡಿ. ಹಾಗೇ ಓಡಿಸ್ಬೇಡಿ, ಬ್ರೇಕ್ ಪೆಡಲ್ ಕಲ್ಲಿನಂಗಾಗಿರತ್ತೆ.

ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬೋ ಫ್ಯಾನ್) ಇದ್ರೆ, ಆ ಗಾಳಿ ತಣ್ಣಗೆ ಮಾಡೋ ಇಂಟರ್‌ಕೂಲರ್‌ನ ಪೈಪ್ ಬಿಚ್ಚಿ. ಒಳಗೆ ಜಿಡ್ಡಿನ ಪದರ ಮಾಮೂಲಿ, ಆಯಿಲ್ ನಿಂತಿದ್ರೆ ಅಲ್ಲ. ಟರ್ಬೊನೇ ಹೋಗಿದೆ ಅನ್ನೋಕೆ ಮುಂಚೆ ಏರ್ ಫಿಲ್ಟರ್ ಕಟ್ಟಿದ್ಯಾ, ಟರ್ಬೊ ಆಯಿಲ್ ವಾಪಸ್ ಪೈಪ್ ಕಟ್ಟಿದ್ಯಾ ನೋಡಿ, ಶಾಫ್ಟ್ ಹಿಂದೆ ಮುಂದೆ ಆಡಿದ್ರೆ ಅಥವಾ ರೆಕ್ಕೆ ಗೋಡೆಗೆ ತಾಗಿದ್ರೆ ಮಾತ್ರ ಟರ್ಬೊ ಕೆಲಸ. ಇದನ್ನ ಮುಂದೂಡ್ಬೇಡಿ ದಯವಿಟ್ಟು. ಸೀಲ್ ಪೂರ್ತಿ ಹೋದ್ರೆ ಎಂಜಿನ್ ತನ್ನ ಆಯಿಲನ್ನೇ ಸುಟ್ಕೊಂಡು ರೇಸ್ ಆಗ್ತಾ ಹೋಗತ್ತೆ, ಕೀ ತಿರುಗಿಸಿದ್ರೂ ನಿಲ್ಲಲ್ಲ.

ಎಂಜಿನ್ ತಣ್ಣಗಿದ್ದಾಗ ಮಾತ್ರ ರೇಡಿಯೇಟರ್ ಮುಚ್ಚಳ ತೆಗೀರಿ. ಕೂಲೆಂಟ್‌ನಲ್ಲಿ ಆಯಿಲ್ ತೇಲ್ತಿದ್ರೆ ಆಯಿಲ್ ಕೂಲರ್ ಅಥವಾ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ.

ಇಷ್ಟೆಲ್ಲ ನೋಡಿದ್ಮೇಲೂ ಸಿಗದಿದ್ರೆ ಹೊಗೆ ನೋಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಬುಸ್ ನೀಲಿ ಹೊಗೆ ಬಂದು ನಿಂತ್ರೆ ವಾಲ್ವ್ ಸೀಲ್ ಕಡೆ ಅನುಮಾನ. ಲೋಡ್‌ನಲ್ಲಿ ಏರು ಹತ್ತುವಾಗ ಒಂದೇ ಸಮ ನೀಲಿ ಹೊಗೆ, ಜೊತೆಗೆ ಆಯಿಲ್ ಮುಚ್ಚಳ ಸಡಿಲ ಮಾಡಿ ಇಟ್ರೆ ಕುಣಿಯತ್ತೆ ಅಂದ್ರೆ ಪಿಸ್ಟನ್ ರಿಂಗ್, ಬೋರ್ ಮೇಲೆ ಅನುಮಾನ. ಆಗ ಸಿಲಿಂಡರ್ ಒಳಗಿನ ಒತ್ತಡ ಅಳೆಯೋ ಕಂಪ್ರೆಷನ್ ಟೆಸ್ಟ್ ಮಾಡ್ಸಿ, ನಾಲ್ಕೂ ಸಿಲಿಂಡರ್ ನಂಬರ್ ಪೇಪರ್ ಮೇಲೆ ಬರೆಸ್ಕೊಳ್ಳಿ. ಪೆಟ್ರೋಲ್ ಎಂಜಿನ್‌ಗೆ ಮಾಡೋ ಹಾಗೆ ಸಿಲಿಂಡರ್‌ಗೆ ಆಯಿಲ್ ಬಿಟ್ಟು ಟೆಸ್ಟ್ ಮಾಡೋದು ಡೀಸೆಲ್‌ಗೆ ಬೇಡ, ಪಿಸ್ಟನ್ ಮೇಲೆ ಜಾಗ ಕಮ್ಮಿ ಇರೋದ್ರಿಂದ ರೀಡಿಂಗ್ ಸುಳ್ಳು ಬರತ್ತೆ. ಎಂಜಿನ್ ಬಿಚ್ಚಿದ್ರೆ ಬೋರ್ ಗೇಜ್ ಹಾಕಿ ಮೇಲೆ, ಮಧ್ಯ, ಕೆಳಗೆ ಅಳೆಯೋದನ್ನ ಎದುರಿಗೇ ನಿಂತು ನೋಡಿ, ಸವೆತ ಲಿಮಿಟ್ ಒಳಗಿದ್ರೆ ಬರೀ ರಿಂಗ್ ಸೆಟ್‌ನಲ್ಲೇ ಮುಗಿಯತ್ತಾ ಅಂತ ಅಲ್ಲೇ ಕೇಳಿ.