ಮಳೆ ನಕ್ಷತ್ರಗಳನ್ನು ತಾರಸಿಯಿಂದ ಹುಡುಕುವುದು ಹೇಗೆ?

‘ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ’ ಎನ್ನುವ ಗಾದೆ ಗೊತ್ತಿಲ್ಲದವರು ಕಡಿಮೆ. ಮಿರಗ ಯಾವಾಗ ಹುಟ್ಟುತ್ತದೆ, ಆರಿದ್ರಾ ಹೇಗಾಯಿತು, ಮಖೆ ಕೈಕೊಟ್ಟಿತಾ ಎಂದು ಊರ ಕಟ್ಟೆಯ ಮೇಲೆ ಮಾತು ನಡೆದೇ ಇರುತ್ತದೆ. ಆದರೆ ‘ಆ ರೋಹಿಣಿ ಎಲ್ಲಿದೆ, ಒಮ್ಮೆ ತೋರಿಸಿ’ ಎಂದು ಕೇಳಿ ನೋಡಿ. ಬಹಳಷ್ಟು ಜನ ಆಕಾಶದ ಕಡೆ ತಲೆ ಎತ್ತುವುದೇ ಇಲ್ಲ, ಗೋಡೆಯ ಕ್ಯಾಲೆಂಡರ್ ಕಡೆ ತಿರುಗುತ್ತಾರೆ.

ರೋಹಿಣಿ ಕ್ಯಾಲೆಂಡರಿನ ಹೆಸರಷ್ಟೇ ಅಲ್ಲ, ಕಣ್ಣಿಗೆ ಕಾಣುವ ನಕ್ಷತ್ರ. ಕಿತ್ತಳೆ ಬಣ್ಣದ್ದು. ಬೆಂಗಳೂರಿನ ದೀಪಗಳ ನಡುವೆಯೂ ಬರಿಗಣ್ಣಿಗೆ ಸಿಗುತ್ತದೆ. ಆರಿದ್ರಾ, ಮಖೆ, ಹಸ್ತ, ಚಿತ್ತೆ, ಸ್ವಾತಿ ಕೂಡ ಅಷ್ಟೇ. ಒಂದು ಚಳಿಗಾಲ, ಒಂದು ಬೇಸಿಗೆ ಆಗಾಗ ತಾರಸಿಗೆ ಹೋಗಿಬಂದರೆ ಇವೆಲ್ಲ ಗುರುತಾಗುತ್ತವೆ. ಖರ್ಚೂ ಇಲ್ಲ.

ಮಳೆ ಬರುವಾಗ ನಕ್ಷತ್ರ ಎಲ್ಲಿರುತ್ತದೆ?

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ರೋಹಿಣಿ ಮಳೆಯ ಹೊತ್ತಿನಲ್ಲಿ ರೋಹಿಣಿ ನಕ್ಷತ್ರ ಕಾಣುವುದಿಲ್ಲ. ಮೋಡ ಇಲ್ಲದಿದ್ದರೂ ಕಾಣುವುದಿಲ್ಲ.

ಸೂರ್ಯ ವರ್ಷದಲ್ಲಿ ಒಂದು ಸುತ್ತು ಬರುವ ದಾರಿಯನ್ನು ನಮ್ಮವರು 27 ಸಮ ಭಾಗ ಮಾಡಿದ್ದಾರೆ. ಒಂದೊಂದು ಭಾಗ ದಾಟಲು ಸೂರ್ಯನಿಗೆ 13-14 ದಿನ ಬೇಕು. ಏಪ್ರಿಲ್ 14ರ ಹೊತ್ತಿಗೆ ಅಶ್ವಿನಿಯಿಂದ ಲೆಕ್ಕ ಶುರು. ಮೇ 25ರ ಸುಮಾರಿಗೆ ಸೂರ್ಯ ರೋಹಿಣಿಗೆ ಬರುತ್ತಾನೆ, ಜೂನ್ 8ರ ಹೊತ್ತಿಗೆ ಮೃಗಶಿರಾ, 22ಕ್ಕೆ ಆರಿದ್ರಾ. ಆ ಎರಡು ವಾರ ಬೀಳುವ ಮಳೆಗೆ ಆ ಹೆಸರು. ಅಂದರೆ ಮಳೆಯ ಹೆಸರಿನ ನಕ್ಷತ್ರ ಆಗ ಸೂರ್ಯನ ದಿಕ್ಕಿನಲ್ಲೇ ಇರುತ್ತದೆ. ಹಗಲು ಹುಟ್ಟಿ ಹಗಲೇ ಮುಳುಗುತ್ತದೆ. ಅದನ್ನು ಸಂಜೆ ನೋಡಬೇಕೆಂದರೆ ಸುಮಾರು ಆರು ತಿಂಗಳು ಕಾಯಬೇಕು. ಮುಂಗಾರಿನ ರೋಹಿಣಿ ಸಿಗುವುದು ಡಿಸೆಂಬರಿನ ಚಳಿಯಲ್ಲಿ. ಹಿಂಗಾರಿನ ಚಿತ್ತೆ, ಸ್ವಾತಿ ಸಿಗುವುದು ಏಪ್ರಿಲ್-ಮೇ ತಿಂಗಳ ಸೆಕೆಯಲ್ಲಿ. ನಮಗೆ ಇದು ಅನುಕೂಲವೇ. ಎರಡೂ ಕಾಲದಲ್ಲಿ ಆಕಾಶ ತಿಳಿಯಾಗಿರುವುದು ಜಾಸ್ತಿ.

ಬೇಕಾದದ್ದು

ಒಂದು ಚಾಪೆ, ಗೋಡೆ ಕ್ಯಾಲೆಂಡರ್, ನಿಮ್ಮ ಮುಷ್ಟಿ. ಕೈಯನ್ನು ಪೂರ್ತಿ ಮುಂದಕ್ಕೆ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಆಕಾಶದಲ್ಲಿ ಹೆಚ್ಚುಕಡಿಮೆ 10 ಡಿಗ್ರಿ. ಈ ಲೇಖನದ ಅಳತೆಯೆಲ್ಲ ಮುಷ್ಟಿಯಲ್ಲೇ.

ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು 20-30 ನಿಮಿಷ ಬೇಕು. ನಡುವೆ ಒಂದು ಸಲ ವಾಟ್ಸ್‌ಆ್ಯಪ್ ತೆರೆದರೆ ಮತ್ತೆ ಮೊದಲಿನಿಂದ ಕಾಯಬೇಕು. ಹಾಗಾಗಿ ಮೊಬೈಲ್ ಕೆಳಗೇ ಇರಲಿ. ನಕ್ಷತ್ರ ತೋರಿಸುವ ಆ್ಯಪ್‌ಗಳು ಕೆಟ್ಟವಲ್ಲ. ಆದರೆ ಮೊದಲ ದಿನವೇ ಅದನ್ನು ಹಿಡಿದರೆ ನೀವು ನೋಡುವುದು ಪರದೆಯನ್ನು, ಆಕಾಶವನ್ನಲ್ಲ. ನಾಲ್ಕು ನಕ್ಷತ್ರ ಸ್ವಂತ ಕಣ್ಣಲ್ಲಿ ಹಿಡಿದ ಮೇಲೆ, ಸರಿಯೋ ತಪ್ಪೋ ನೋಡಿಕೊಳ್ಳಲು ಅದು ಸಾಕು. ಟೆಲಿಸ್ಕೋಪಂತೂ ಈಗಲೇ ಕೊಳ್ಳಬೇಡಿ. ಉತ್ಸಾಹದಲ್ಲಿ ತಂದ ಅಗ್ಗದ ಟೆಲಿಸ್ಕೋಪುಗಳು ಎಷ್ಟೋ ಮನೆಗಳ ಅಟ್ಟದ ಮೇಲೆ ಧೂಳು ತಿನ್ನುತ್ತಿವೆ. ದುಡ್ಡು ಹಾಕಲೇಬೇಕು ಅನಿಸಿದರೆ 7x50 ಅಥವಾ 10x50 ಬೈನಾಕ್ಯುಲರ್ ತನ್ನಿ.

ಅಪಾರ್ಟ್‌ಮೆಂಟಿನವರಿಗೆ ಇನ್ನೊಂದು ಸಾಮಾನು ಬೇಕು: ತಾರಸಿಯ ಬೀಗದ ಕೈ. ಅದನ್ನು ಅಸೋಸಿಯೇಷನ್‌ನವರಿಂದ ಪಡೆಯುವುದು ಹೇಗೆಂದು ಹೇಳಲು ಬೇರೆ ಲೇಖನವೇ ಬೇಕು.

ಹೆಜ್ಜೆ 1: ಮೂರು ಚುಕ್ಕಿಯ ಸಾಲು ಹಿಡಿಯಿರಿ

ಡಿಸೆಂಬರ್ ನಡುವಿನಿಂದ ಫೆಬ್ರುವರಿ ಕೊನೆಯವರೆಗೆ ಯಾವ ದಿನವಾದರೂ ಆಗುತ್ತದೆ. ರಾತ್ರಿ ಎಂಟು ಗಂಟೆಗೆ ತಾರಸಿಗೆ ಹೋಗಿ ಪೂರ್ವಕ್ಕೆ ಮುಖ ಮಾಡಿ. ಜನವರಿ ಕಳೆದಿದ್ದರೆ ಇನ್ನೂ ಮೇಲೆ, ನೆತ್ತಿಯ ಕಡೆ ನೋಡಿ. ಒಂದೇ ಅಳತೆಯ, ಒಂದೇ ಹೊಳಪಿನ ಮೂರು ಚುಕ್ಕಿ ನೇರ ಸಾಲಿನಲ್ಲಿ ಒತ್ತಾಗಿ ಕಾಣುತ್ತವೆ. ಇಡೀ ಆಕಾಶದಲ್ಲಿ ಇಷ್ಟು ಅಚ್ಚುಕಟ್ಟಾದ ಸಾಲು ಇನ್ನೊಂದಿಲ್ಲ. ಈ ಸಾಲು ಹುಟ್ಟುವುದು ಸರಿಯಾಗಿ ಪೂರ್ವದಲ್ಲಿ, ಮುಳುಗುವುದು ಸರಿಯಾಗಿ ಪಶ್ಚಿಮದಲ್ಲಿ. ಹೊಸ ಊರಿನಲ್ಲಿ ದಿಕ್ಕು ತಪ್ಪಿದಾಗಲೂ ಕೆಲಸಕ್ಕೆ ಬರುತ್ತದೆ.

ಸಾಲಿನ ಸುತ್ತ ನಾಲ್ಕು ಹೊಳೆಯುವ ನಕ್ಷತ್ರಗಳ ದೊಡ್ಡ ಚೌಕವಿದೆ. ಅದರಲ್ಲಿ ಒಂದು ಮೂಲೆಯದ್ದು ಕೆಂಪು. ಅದೇ ಆರಿದ್ರಾ. 2019ರ ಕೊನೆ, 2020ರ ಮೊದಲಲ್ಲಿ ಇದು ಬರಿಗಣ್ಣಿಗೇ ಗೊತ್ತಾಗುವಷ್ಟು ಮಂಕಾಗಿತ್ತು. ಸಿಡಿದೇ ಹೋಗುತ್ತದೇನೋ ಎಂದು ಜಗತ್ತಿನಾದ್ಯಂತ ಸುದ್ದಿಯಾಯಿತು. ಅದು ತಾನೇ ಉಗುಳಿದ ಧೂಳು ಬೆಳಕಿಗೆ ಅಡ್ಡ ಬಂದಿತ್ತು. ಕೆಲವೇ ತಿಂಗಳಲ್ಲಿ ಮೊದಲಿನ ಹಾಗಾಯಿತು.

ಈಗ ಮೂರು ಚುಕ್ಕಿಯ ಸಾಲನ್ನು ಕಣ್ಣಲ್ಲೇ ಎರಡೂ ಕಡೆ ಎಳೆಯಿರಿ. ಆಗ್ನೇಯದ ಕಡೆ, ಕೆಳಕ್ಕೆ ಎರಡು ಮುಷ್ಟಿ ಹೋದರೆ ಬೆಳ್ಳಗೆ ಮಿನುಗುವ ಲುಬ್ಧಕ. ರಾತ್ರಿ ಆಕಾಶದ ನಕ್ಷತ್ರಗಳಲ್ಲೆಲ್ಲ ಇದೇ ಹೆಚ್ಚು ಪ್ರಕಾಶಮಾನ. ಮೇಲಕ್ಕೆ ಎರಡು ಮುಷ್ಟಿ ಹೋದರೆ ಕಿತ್ತಳೆ ಬಣ್ಣದ ರೋಹಿಣಿ. ಲುಬ್ಧಕ ಎಂದರೆ ಬೇಡ. ಚೌಕದ ತಲೆಯ ಕಡೆ ಗುಂಪಾಗಿರುವ ಮೂರು ಮಂಕು ಚುಕ್ಕಿಗಳು ಮೃಗಶಿರಾ, ಜಿಂಕೆಯ ತಲೆ. ನಡುವಿನ ಮೂರು ಚುಕ್ಕಿ ಬೇಡ ಬಿಟ್ಟ ಬಾಣ. ಕಥೆ ಗೊತ್ತಿದ್ದರೆ ನಕ್ಷತ್ರ ಮರೆಯುವುದಿಲ್ಲ. ಮಕ್ಕಳಿಗೆ ತೋರಿಸುವಾಗ ಇಲ್ಲಿಂದಲೇ ಶುರು ಮಾಡಿ.

ಹೆಜ್ಜೆ 2: ಕೃತ್ತಿಕೆಯನ್ನು ಎಣಿಸಿ

ಅದೇ ಗೆರೆಯಲ್ಲಿ ರೋಹಿಣಿಯನ್ನೂ ದಾಟಿ ಇನ್ನೊಂದು ಮುಷ್ಟಿಗಿಂತ ಸ್ವಲ್ಪ ಜಾಸ್ತಿ ಮುಂದೆ ಹೋಗಿ. ಅಲ್ಲಿ ಸಣ್ಣದೊಂದು ಮಸುಕು ಕಲೆ ಕಾಣುತ್ತದೆ. ಅದು ಮೋಡವಲ್ಲ, ಕೃತ್ತಿಕೆ.

ಇಲ್ಲಿ ಅವಸರ ಮಾಡಬೇಡಿ. ನೇರವಾಗಿ ದಿಟ್ಟಿಸಿದರೆ ಚುಕ್ಕಿಗಳು ಜಾರಿಹೋಗುತ್ತವೆ. ಸ್ವಲ್ಪ ಪಕ್ಕಕ್ಕೆ ನೋಡುತ್ತಾ ಓರೆಗಣ್ಣಲ್ಲಿ ಅದನ್ನು ಹಿಡಿಯಿರಿ. ಮಸುಕು ಬೆಳಕನ್ನು ಹಿಡಿಯುವ ಜೀವಕೋಶಗಳು ಕಣ್ಣಿನ ನಟ್ಟನಡುವೆ ಇರುವುದಿಲ್ಲ, ಸುತ್ತ ಇರುತ್ತವೆ. ಅದಕ್ಕೇ ಈ ಉಪಾಯ. ಒಂದೆರಡು ನಿಮಿಷದಲ್ಲಿ ಕಲೆ ಒಡೆದು ಚುಕ್ಕಿಯಾಗುತ್ತದೆ. ಮೊದಲು ಮೂರು, ಆಮೇಲೆ ನಾಲ್ಕು, ಪಕ್ಕದಲ್ಲೇ ಇನ್ನೊಂದು. ಷಣ್ಮುಖನಿಗೆ ಹಾಲೂಡಿದ ಆರು ತಾಯಂದಿರು ಇವರೇ. ಕತ್ತಲಿರುವ ಹಳ್ಳಿಯಲ್ಲಿ ಆರು ಸಲೀಸಾಗಿ ಸಿಗುತ್ತಾರೆ, ಕಣ್ಣು ಚುರುಕಿದ್ದವರಿಗೆ ಏಳು. ನಗರದ ನಡುವೆ ಮೂರು ಸಿಕ್ಕರೆ ಅದೇ ಪುಣ್ಯ. ನಿಮ್ಮ ಊರಿನ ಆಕಾಶ ಎಷ್ಟು ಕೆಟ್ಟಿದೆ ಎಂದು ತಿಳಿಯಲು ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. ಹಬ್ಬಕ್ಕೆ ಊರಿಗೆ ಹೋದಾಗ ಒಮ್ಮೆ ಎಣಿಸಿ, ವಾಪಸ್ ಬಂದು ಒಮ್ಮೆ ಎಣಿಸಿ. ಬೈನಾಕ್ಯುಲರ್ ಇದ್ದರೆ ಈಗ ಹಿಡಿಯಿರಿ. ಆರು ಇದ್ದದ್ದು ಹತ್ತಾರು ಆಗುತ್ತದೆ. ಮನೆಯವರೆಲ್ಲ ಬೈನಾಕ್ಯುಲರಿಗೆ ಕಿತ್ತಾಡುವುದು ಇಲ್ಲೇ.

ಹೆಜ್ಜೆ 3: ಕ್ಯಾಲೆಂಡರನ್ನೇ ನಕ್ಷೆ ಮಾಡಿಕೊಳ್ಳಿ

ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ದಿನದ ಚೌಕದಲ್ಲಿ ತಿಥಿಯ ಪಕ್ಕ ಒಂದು ನಕ್ಷತ್ರದ ಹೆಸರಿರುತ್ತದೆ. ಮಗುವಿಗೆ ಹೆಸರಿಡುವಾಗ, ಪೂಜೆಗೆ ದಿನ ನೋಡುವಾಗ ಮಾತ್ರ ಅದನ್ನು ಓದುತ್ತೇವೆ. ಅದು ಹೇಳುವುದು ಇಷ್ಟೇ: ಇವತ್ತು ಚಂದ್ರ ಆಕಾಶದ ಯಾವ ಭಾಗದಲ್ಲಿದ್ದಾನೆ. ಚಂದ್ರ ದಿನಕ್ಕೆ ಸುಮಾರು 13 ಡಿಗ್ರಿ ಪೂರ್ವಕ್ಕೆ ಸರಿಯುತ್ತಾನೆ. ಅಂದರೆ ದಿನಕ್ಕೊಂದು ನಕ್ಷತ್ರ. ಹಾಗಾಗಿ ಕ್ಯಾಲೆಂಡರಿನಲ್ಲಿ ‘ರೋಹಿಣಿ’ ಇದ್ದ ರಾತ್ರಿ ಚಂದ್ರನನ್ನು ನೋಡಿದರೆ, ಒಂದು ಮುಷ್ಟಿಯ ಆಸುಪಾಸಿನಲ್ಲಿ ರೋಹಿಣಿ ಇರಲೇಬೇಕು.

ಹೆಸರಿನ ಪಕ್ಕದಲ್ಲಿ ಗಂಟೆಯೂ ಅಚ್ಚಾಗಿರುತ್ತದೆ. ಆ ನಕ್ಷತ್ರ ಎಲ್ಲಿವರೆಗೆ ಎಂಬ ಲೆಕ್ಕ ಅದು. ಬೆಳಗ್ಗೆ ಹತ್ತಕ್ಕೇ ಮುಗಿಯುತ್ತಿದ್ದರೆ ಹಿಂದಿನ ರಾತ್ರಿ ನೋಡಿ. ರಾತ್ರಿ ಹನ್ನೊಂದರವರೆಗೆ ಇದ್ದರೆ ಅದೇ ಸಂಜೆ ಸರಿ.

ಆದರೆ ಈ ಉಪಾಯ ಎಲ್ಲ 27ಕ್ಕೂ ನಡೆಯುವುದಿಲ್ಲ. ಸ್ವಾತಿ ಚಂದ್ರನ ದಾರಿಯಿಂದ ಬಹಳ ಉತ್ತರಕ್ಕಿದೆ, ಆರಿದ್ರಾ ದಕ್ಷಿಣಕ್ಕಿದೆ. ಕೃತ್ತಿಕೆ, ರೋಹಿಣಿ, ಮಖೆ, ಚಿತ್ತೆ ಈ ನಾಲ್ಕಕ್ಕೆ ಕಣ್ಣು ಮುಚ್ಚಿ ನಂಬಬಹುದು. ಹುಣ್ಣಿಮೆಯ ಬೆಳಕಲ್ಲಿ ಕೃತ್ತಿಕೆ ಅಳಿಸಿಹೋಗುತ್ತದೆ, ಅರ್ಧ ಚಂದ್ರ ಇದ್ದಾಗ ಚೆಂದ. ರಥಸಪ್ತಮಿ ಆದ ನಾಲ್ಕೈದು ದಿನದೊಳಗೆ ಚಂದ್ರ ಕೃತ್ತಿಕೆ, ರೋಹಿಣಿಗಳನ್ನು ದಾಟುತ್ತಾನೆ. ಹೊಸಬರಿಗೆ ಒಳ್ಳೆಯ ಮುಹೂರ್ತ ಅದೇ.

ಇನ್ನೊಂದು ಸಂಗತಿ. ನಿಮ್ಮ ಪಟ್ಟಿಯಲ್ಲಿಲ್ಲದ, ಮಿನುಗದೆ ಸ್ಥಿರವಾಗಿ ಹೊಳೆಯುವ ಚುಕ್ಕಿ ಈ ದಾರಿಯಲ್ಲಿ ಕಂಡರೆ ಅದು ಗ್ರಹ. ಗುರು ಒಂದು ಸುತ್ತು ಬರಲು ಸುಮಾರು 12 ವರ್ಷ ತೆಗೆದುಕೊಳ್ಳುತ್ತಾನೆ. ಈ ವರ್ಷ ಎಲ್ಲಿದ್ದ ಎಂದು ಗುರುತು ಹಾಕಿಕೊಂಡರೆ ಮುಂದಿನ ವರ್ಷ ಮೂರು ಮುಷ್ಟಿ ಪೂರ್ವಕ್ಕೆ ಸಿಗುತ್ತಾನೆ.

ಹೆಜ್ಜೆ 4: ಬೇಸಿಗೆಯಲ್ಲಿ ಸಪ್ತರ್ಷಿಗಳ ಬಾಲ ಹಿಡಿದು ಹೋಗಿ

ನಕ್ಷತ್ರಗಳು ದಿನಕ್ಕೆ 4 ನಿಮಿಷ ಬೇಗ ಹುಟ್ಟುತ್ತವೆ. ತಿಂಗಳಿಗೆ ಎರಡು ಗಂಟೆ ಆಯಿತು. ಹೀಗಾಗಿ ಏಪ್ರಿಲ್ ಹೊತ್ತಿಗೆ ರೋಹಿಣಿ ಪಶ್ಚಿಮಕ್ಕೆ ಇಳಿದಿರುತ್ತದೆ. ನೆತ್ತಿಯ ಹತ್ತಿರ ಮಖೆ ಬಂದಿರುತ್ತದೆ. ತಿರುಗಿಸಿ ಬರೆದ ಪ್ರಶ್ನಾರ್ಥಕ ಚಿಹ್ನೆಯಂಥ ಒಂದು ಗುಂಪು ಹುಡುಕಿ. ಅದರ ಬುಡದ ಚುಕ್ಕಿ ಮಖೆ. ಅದರ ಪೂರ್ವಕ್ಕೆ ಎರಡು ಮುಷ್ಟಿ ಆಚೆ ಮೂರು ಚುಕ್ಕಿಯ ತ್ರಿಕೋನ: ಎರಡು ಹುಬ್ಬೆ, ತುದಿಯದ್ದು ಉತ್ತರೆ. ಪುಷ್ಯ, ಆಶ್ಲೇಷಾ ತೀರಾ ಮಂಕು. ನಗರದವರು ಸುಮ್ನೆ ಬಿಟ್ಟುಬಿಡಿ.

ರಾತ್ರಿ ಎಂಟೂವರೆಗೆ ಉತ್ತರಕ್ಕೆ ತಿರುಗಿ. ನಾಲ್ಕು ಚುಕ್ಕಿಯ ಪೆಟ್ಟಿಗೆ, ಅದಕ್ಕೆ ಮೂರು ಚುಕ್ಕಿಯ ಬಾಗಿದ ಬಾಲ. ಇದು ಸಪ್ತರ್ಷಿ ಮಂಡಲ. ಬಾಲದ ನಡುವಿನ ಚುಕ್ಕಿ ವಸಿಷ್ಠ, ಅದಕ್ಕೆ ಅಂಟಿದಂತಿರುವ ಮಂಕು ಚುಕ್ಕಿ ಅರುಂಧತಿ. ಮದುವೆಯಲ್ಲಿ ಮಧ್ಯಾಹ್ನ 12ರ ಬಿಸಿಲಲ್ಲಿ ಪುರೋಹಿತರು ಬೆರಳು ತೋರಿಸಿದ ಕಡೆ ‘ಕಂಡಿತು’ ಎಂದು ತಲೆಯಾಡಿಸಿದ ದಂಪತಿಗಳೆಲ್ಲ ಈಗ ನಿಜವಾಗಿ ನೋಡಿಕೊಳ್ಳಬಹುದು.

ಪೆಟ್ಟಿಗೆಯ ಬಾಲದ ತುದಿಯನ್ನು ದಾಟಿ, ಅದೇ ಬಾಗಿನಲ್ಲಿ ಪೂರ್ವದ ಕಡೆ ಮೂರು ಮುಷ್ಟಿ ಹೋಗಿ. ಹೊಳಪಾದ ಕಿತ್ತಳೆ ನಕ್ಷತ್ರ ಸಿಗುತ್ತದೆ. ಅದು ಸ್ವಾತಿ. ‘ಸ್ವಾತಿ ಮಳೆ ಮುತ್ತಿನ ಬೆಳೆ’ ಎನ್ನುತ್ತಾರಲ್ಲ, ಆ ಸ್ವಾತಿ. ಬಾಗು ಮುರಿಯದೆ ಮತ್ತೆ ಮೂರು ಮುಷ್ಟಿ ಮುಂದುವರಿದರೆ ಆಗ್ನೇಯದಲ್ಲಿ ಬಿಳಿ ಬಣ್ಣದ ಚಿತ್ತೆ. ಚಿತ್ತೆಯ ಬಲಕ್ಕೆ, ಸ್ವಲ್ಪ ಮೇಲೆ, ಸಣ್ಣದೊಂದು ಓರೆ ಚೌಕ. ಅದು ಹಸ್ತ. ಐದನೆಯ ಚುಕ್ಕಿಯೂ ಕಂಡರೆ ಐದು ಬೆರಳು ಲೆಕ್ಕ ಸರಿಯಾಯಿತು. ಮೊದಲ ಸಲ ಈ ಬಾಗು ಕೂಡಿಬಂದಾಗ ಆಗುವ ಖುಷಿ ಬೇರೆಯೇ. ಕ್ಯಾಲೆಂಡರಿನಲ್ಲಿ ಸಾಲಾಗಿ ಬರುವ ಹಸ್ತ, ಚಿತ್ತೆ, ಸ್ವಾತಿ ಆಕಾಶದಲ್ಲೂ ಅಕ್ಕಪಕ್ಕದಲ್ಲೇ ಇವೆ.

ಧ್ರುವ ನಕ್ಷತ್ರ ಕೇಳುವವರು ಇದ್ದೇ ಇರುತ್ತಾರೆ. ಅದು ದಿಗಂತದಿಂದ ನಿಮ್ಮ ಊರಿನ ಅಕ್ಷಾಂಶದಷ್ಟೇ ಮೇಲಿರುತ್ತದೆ. ಬೆಂಗಳೂರಿನಲ್ಲಿ 13 ಡಿಗ್ರಿ, ಒಂದೂಕಾಲು ಮುಷ್ಟಿ. ಎದುರು ಮನೆಯ ನೀರಿನ ಟ್ಯಾಂಕ್ ಹಿಂದೆ ಅಡಗಿರುವ ಸಾಧ್ಯತೆಯೇ ಹೆಚ್ಚು. ಬೀದರಿನವರಿಗೆ ಸುಮಾರು 18 ಡಿಗ್ರಿ, ಅವರ ಪಾಡು ವಾಸಿ.

ಹೆಜ್ಜೆ 5: ಬೆಳಕಿನ ವಯಸ್ಸು ಹೊಂದಿಸಿ

ಇದು ಮಕ್ಕಳು ಇರುವ ಮನೆಗೆ. ಲುಬ್ಧಕದ ಬೆಳಕು ನಮ್ಮನ್ನು ತಲುಪಲು ಎಂಟೂವರೆ ವರ್ಷ ಬೇಕು. ಸ್ವಾತಿಯದ್ದಕ್ಕೆ 37, ರೋಹಿಣಿಯದ್ದಕ್ಕೆ 65, ಮಖೆಯದ್ದಕ್ಕೆ ಸುಮಾರು 79. ಹಾಗಾದರೆ ಮೂರನೇ ಕ್ಲಾಸಿನ ಮಗಳು ಹುಟ್ಟಿದಾಗ ಹೊರಟ ಬೆಳಕು ಈಗ ಲುಬ್ಧಕದಲ್ಲಿ ಕಾಣುತ್ತಿದೆ. ಅಜ್ಜಿಗೆ 65 ಆಗಿದ್ದರೆ ಅವರದ್ದು ರೋಹಿಣಿ. ಮನೆಯಲ್ಲಿ ಯಾರದ್ದು ಯಾವ ನಕ್ಷತ್ರ ಎಂದು ಹಂಚಿಕೊಳ್ಳಿ. ಜಾತಕದ ನಕ್ಷತ್ರಕ್ಕಿಂತ ಇದು ಮಜವಾಗಿದೆ, ವಯಸ್ಸಾದಂತೆ ಬದಲಾಗುತ್ತಲೂ ಇರುತ್ತದೆ. ಚಿತ್ತೆಯ ಬೆಳಕು ಹೊರಟು ಸುಮಾರು 250 ವರ್ಷ, ಅಂದರೆ ಹೈದರಾಲಿಯ ಕಾಲ. ಅದನ್ನು ಯಾರಿಗೂ ಕೊಡಲು ಬರುವುದಿಲ್ಲ.

ಮನೆಯಲ್ಲಿ ಆಸಕ್ತಿ ಹತ್ತಿದ ಮೇಲೆ ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯಕ್ಕೋ ಮಂಗಳೂರಿನ ಪಿಲಿಕುಳದ ತಾರಾಲಯಕ್ಕೋ ಒಮ್ಮೆ ಹೋಗಿಬನ್ನಿ. ತಾರಸಿಯಲ್ಲಿ ಗುರುತು ಹಿಡಿದವರಿಗೆ ಅಲ್ಲಿನ ಗುಮ್ಮಟದ ಕೆಳಗೆ ಎರಡು ಪಟ್ಟು ಖುಷಿ.

ಮಳೆಗಾಲದಲ್ಲಿ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಕರಾವಳಿ, ಮಲೆನಾಡಿನಲ್ಲಿ, ಚಾಪೆ ಸುತ್ತಿ ಇಡಬೇಕಾದದ್ದೇ. ಆ ಹೊತ್ತಿಗೆ ಗಾದೆ ಕೂಡಿಹಾಕಿ. ‘ಮಖೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು’ ಎಂಬಂಥವು ಮನೆಯ ಹಿರಿಯರ ಹತ್ತಿರ ಇನ್ನೂ ಇರುತ್ತವೆ. ಊರಿಗೊಂದು ಪಾಠ, ಹಾಗಾಗಿ ಯಾರು ಯಾವ ಊರಲ್ಲಿ ಹೇಳಿದ್ದು ಎಂದೂ ಬರೆದಿಡಿ. ಪ್ರತಿ ಗಾದೆಯ ಎದುರು ಮಳೆ ಹುಟ್ಟುವ ತಾರೀಕು, ಆ ನಕ್ಷತ್ರ ಸಂಜೆ ಕಾಣುವ ತಿಂಗಳು ಬರೆದರೆ ಮುಂದಿನ ವರ್ಷಕ್ಕೆ ನಿಮ್ಮದೇ ಪಟ್ಟಿ ತಯಾರು.

ಸ್ವಾತಿ ಮಳೆ ನವೆಂಬರ್ 6ರ ಸುಮಾರಿಗೆ ಮುಗಿಯುತ್ತದೆ. ಅದಾದ ಒಂದು ವಾರ, ಹತ್ತು ದಿನಕ್ಕೆ ಬೆಳಗಿನ ಜಾವ ಏಳಲು ಆದರೆ ಸೂರ್ಯ ಹುಟ್ಟುವ ಒಂದು ಗಂಟೆ ಮೊದಲು ಪೂರ್ವದ ಕಡೆ ನೋಡಿ. ಎಡಕ್ಕೆ ಈಶಾನ್ಯದಲ್ಲಿ ಸ್ವಾತಿ, ಬಲಕ್ಕೆ ಚಿತ್ತೆ, ಎರಡೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಇರುತ್ತವೆ. ಪೂರ್ವಕ್ಕೆ ಕಟ್ಟಡ ಅಡ್ಡ ಇದ್ದವರು ಇನ್ನೊಂದು ವಾರ ಬಿಟ್ಟು ನೋಡಿದರೆ ಅರ್ಧ ಗಂಟೆಯಷ್ಟು ಮೇಲೆ ಬಂದಿರುತ್ತವೆ.