ರಿಟ್ ಅಂದ್ರೇನು, ಹೈಕೋರ್ಟಿಗೆ ಹೋಗೋಕೆ ಮುಂಚೆ ಕೈಯಲ್ಲಿ ಏನಿರ್ಬೇಕು

ಖಾತೆ ಆಗ್ತಿಲ್ಲ, ಪೆನ್ಷನ್ ಬರ್ತಿಲ್ಲ, ಜಮೀನು ಹೋಗಿದ್ದಕ್ಕೆ ಪರಿಹಾರ ಕೊಡ್ತಿಲ್ಲ ಅಂದ್ರೆ ಸಾಕು, ಯಾರಾದ್ರೂ ಒಬ್ರು "ಹೈಕೋರ್ಟಲ್ಲಿ ಒಂದು ರಿಟ್ ಹಾಕಿ" ಅಂತಾರೆ. ರಿಟ್ ಅಂದ್ರೆ ಸರ್ಕಾರಕ್ಕೋ ಅಧಿಕಾರಿಗೋ ಕೆಳಗಿನ ನ್ಯಾಯಮಂಡಳಿಗೋ "ಇದನ್ನ ಮಾಡು" ಅಥವಾ "ಇದನ್ನ ಮಾಡ್ಬೇಡ" ಅಂತ ಕೋರ್ಟು ಬರೆದು ಹೊರಡಿಸೋ ಆದೇಶ. ಹೈಕೋರ್ಟಿಗೆ ಈ ಅಧಿಕಾರ ಸಂವಿಧಾನದ 226ನೇ ವಿಧಿಯಿಂದ ಬರುತ್ತೆ, ಸುಪ್ರೀಂ ಕೋರ್ಟಿಗೆ 32ನೇ ವಿಧಿಯಿಂದ. ಆದ್ರೆ 32 ಇರೋದು ಮೂಲಭೂತ ಹಕ್ಕಿಗೆ ಮಾತ್ರ, 226 ಬೇರೆ ಕಾನೂನು ಹಕ್ಕಿಗೂ ಆಗುತ್ತೆ, ಅದಕ್ಕೇ ನಮ್ಮಂಥೋರ ದಾರಿ ಹೆಚ್ಚಾಗಿ ಹೈಕೋರ್ಟೇ.

ಇದರಲ್ಲಿ ಐದು ಥರ. ಯಾರನ್ನಾದ್ರೂ ಹಿಡ್ಕೊಂಡು ಹೋಗಿ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಿಲ್ಲ ಅಂದ್ರೆ ಹೇಬಿಯಸ್ ಕಾರ್ಪಸ್, ಇದನ್ನ ಮನೆಯೋರು ಹಾಕಬಹುದು, ಖಾಸಗಿಯೋರು ಕೂಡಿಹಾಕಿದ್ರೂ ನಡೆಯುತ್ತೆ. ಹುದ್ದೇಲಿ ಕೂತೋರಿಗೆ ಅರ್ಹತೆನೇ ಇಲ್ಲ ಅಂತ ಪ್ರಶ್ನೆ ಮಾಡೋದು ಕೊ ವಾರಂಟೊ. ಇದಕ್ಕೆ ದೇಶದಲ್ಲೆಲ್ಲ ಈಗಲೂ ಎತ್ತಿ ತೋರಿಸೋ 1963ರ ಸುಪ್ರೀಂ ಕೋರ್ಟ್ ತೀರ್ಪು ನಮ್ಮ ಮೈಸೂರು ವಿಶ್ವವಿದ್ಯಾಲಯದ ನೇಮಕದ ಕೇಸೇ, ಅದರಲ್ಲಿ ಹೈಕೋರ್ಟು ನೇಮಕ ರದ್ದು ಮಾಡಿತ್ತು, ಸುಪ್ರೀಂ ಕೋರ್ಟು ಉಳಿಸ್ತು. ತಪ್ಪಾದ ಆದೇಶ ರದ್ದು ಮಾಡೋದು ಸರ್ಶಿಯೊರರಿ, ಅಧಿಕಾರ ಮೀರಿ ನಡೀತಿರೋ ವಿಚಾರಣೆ ತಡೆಯೋದು ಪ್ರೊಹಿಬಿಷನ್. ಉಳಿದಿದ್ದು ಮ್ಯಾಂಡಮಸ್, ಅಂದ್ರೆ ಮಾಡಬೇಕಾದ ಕೆಲಸ ಮಾಡದೆ ಫೈಲ್ ಮೇಲೆ ಕೂತ ಅಧಿಕಾರಿಗೆ ಮಾಡು ಅನ್ನೋ ಆದೇಶ. ಸಾಮಾನ್ಯ ಜನಕ್ಕೆ ಹೆಚ್ಚು ಬೇಕಾಗೋದು ಇದೇ.

ಮ್ಯಾಂಡಮಸ್ ಕೇಳ್ಬೇಕಂದ್ರೆ ನೀವು ಮೊದ್ಲು ಅಧಿಕಾರಿ ಹತ್ರ ಕೇಳಿದ್ರಿ, ಅವ್ರು ಮಾಡ್ಲಿಲ್ಲ ಅಂತ ತೋರಿಸ್ಬೇಕು. ಹತ್ತು ಸಲ ಆಫೀಸಿಗೆ ಅಲೆದಿದ್ದು ಕೋರ್ಟಿಗೆ ಕಾಣಲ್ಲ, ಕಾಗದ ಕಾಣುತ್ತೆ. ಹಾಗಾಗಿ ಒಂದು ಪುಟದ ಮನವಿ ಬರೀರಿ: ಯಾವ ಸರ್ವೆ ನಂಬರು, ಯಾವ ದಿನ ಯಾವ ಅರ್ಜಿ ಕೊಟ್ಟಿದ್ದು, ಯಾವ ಕಾಯ್ದೆ ಪ್ರಕಾರ ಅವ್ರು ಮಾಡ್ಬೇಕು, ಕೊನೇಲಿ "ಇಷ್ಟು ದಿನದೊಳಗೆ ತೀರ್ಮಾನಿಸಿ ಹಿಂಬರಹ ನೀಡಬೇಕಾಗಿ ಕೋರುತ್ತೇನೆ" ಅನ್ನೋ ಸಾಲು (ಹಿಂಬರಹ ಅಂದ್ರೆ ಅರ್ಜಿಗೆ ಆಫೀಸು ಬರೆದು ಕೊಡೋ ಉತ್ತರ). ಎರಡು ಪ್ರತಿ ಮಾಡ್ಕೊಂಡು ಅದೇ ಆಫೀಸಲ್ಲಿ ಕಾಗದ-ಪತ್ರ ತಗೊಳ್ಳೋ ಟಪಾಲು ಶಾಖೇಲಿ ಒಂದು ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು, ಸಹಿ ಹಾಕಿಸ್ಕೊಳ್ಳಿ. ಹಾಕಲ್ಲ ಅಂದ್ರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ, ಡೆಲಿವರಿ ಆದ ಟ್ರ್ಯಾಕಿಂಗ್ ಪ್ರಿಂಟ್ ಇಟ್ಕೊಳ್ಳಿ. ಆ ಸೀಲು ಬಿದ್ದ ಪ್ರತಿನೋ ಪೋಸ್ಟ್ ರಸೀದಿನೋ ಇಲ್ದೆ ವಕೀಲರ ಹತ್ರ ಹೋದ್ರೆ ಒಳ್ಳೆ ವಕೀಲರು ವಾಪಸ್ ಕಳಿಸ್ತಾರೆ, ಕಳಿಸ್ಲೇಬೇಕು.

ಮನವಿಗೆ ಹಿಂಬರಹ ಬಂದು "ಆಗಲ್ಲ" ಅಂತ ಬರೆದಿದ್ರೆ ದಾರಿ ಬದಲಾಗುತ್ತೆ, ಯಾಕಂದ್ರೆ ಈಗ ಆದೇಶ ಇದೆ, ಅದನ್ನ ಪ್ರಶ್ನೆ ಮಾಡ್ಬೇಕು. ಮೊದಲು ಮೇಲ್ಮನವಿಗೆ ಅವಕಾಶ ಇದ್ಯಾ ನೋಡಿ. ಉದಾಹರಣೆಗೆ ಮ್ಯುಟೇಷನ್ (ಪಹಣೀಲಿ ಹಕ್ಕು ಬದಲಾವಣೆ) ಆದೇಶದ ಮೇಲೆ ಕರ್ನಾಟಕ ಭೂಕಂದಾಯ ಕಾಯ್ದೆ 1964ರ 136(2) ಪ್ರಕಾರ ಎಸಿ (ಉಪವಿಭಾಗಾಧಿಕಾರಿ) ಹತ್ರ ಅಪೀಲು ಇದೆ, ಅದನ್ನ ಬಿಟ್ಟು ನೇರ ರಿಟ್ ಹಾಕಿದ್ರೆ "ಅಲ್ಲಿಗೆ ಹೋಗಿ" ಅಂತ ಅನ್ನಿಸ್ಕೊಳ್ಳೋದೇ ಹೆಚ್ಚು. ಅಣ್ತಮ್ಮಂದಿರ ಭಾಗದ ಜಗಳ, ಸಹಿ ಫೋರ್ಜರಿನಾ ಅಲ್ವಾ ಅನ್ನೋ ಥರದ್ದಕ್ಕೂ ರಿಟ್ ಸರಿ ಹೋಗಲ್ಲ, ಸಾಕ್ಷಿ ವಿಚಾರಣೆ ಮಾಡಿ ತೀರ್ಮಾನಿಸೋದು ಸಿವಿಲ್ ಕೋರ್ಟಿನ ಕೆಲಸ. ಇನ್ನೊಂದು, ರಿಟ್‌ಗೆ ಇಷ್ಟೇ ದಿನ ಅಂತ ಗಡುವಿಲ್ಲದಿದ್ರೂ ಕಾರಣ ಇಲ್ದೆ ವರ್ಷಗಟ್ಟಲೆ ಸುಮ್ನಿದ್ರೆ ತಡವಾಯ್ತು ಅಂತಾನೇ ವಜಾ ಆಗಬಹುದು.

ಬೆಳಗಾವಿ, ಹಾವೇರಿ, ಉತ್ತರ ಕನ್ನಡದೋರು ಧಾರವಾಡ ಪೀಠಕ್ಕೆ, ಬೀದರ್, ರಾಯಚೂರು, ವಿಜಯಪುರದೋರು ಕಲಬುರಗಿಗೆ ಹೋಗ್ಬೇಕು, ಬೆಂಗಳೂರು ತನಕ ಬರೋದು ಬೇಡ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದೋರಿಗೆ ಆದಾಯ ಎಷ್ಟೇ ಇದ್ರೂ ಉಚಿತ ವಕೀಲರು ಸಿಗ್ತಾರೆ, ಹೈಕೋರ್ಟಿನ ಕಾನೂನು ಸೇವಾ ಸಮಿತೀಲಿ ಅರ್ಜಿ ಕೊಡಿ.

ಗೆದ್ರೆ ಸಿಗೋ ಆದೇಶನ ಸರಿಯಾಗಿ ಓದಿ. ಎಷ್ಟೋ ಸಲ ಬರೋದು "ಅರ್ಜಿದಾರರ ಮನವಿಯನ್ನು ಕಾನೂನು ಪ್ರಕಾರ ಇಷ್ಟು ವಾರದೊಳಗೆ ಪರಿಗಣಿಸಿ" ಅಂತ. ಇದು ಖಾತೆ ಮಾಡಿಕೊಡಿ ಅನ್ನೋ ಆದೇಶ ಅಲ್ಲ, ತೀರ್ಮಾನ ಮಾಡಿ ಅನ್ನೋ ಆದೇಶ, ಅಧಿಕಾರಿ ಕಾರಣ ಬರೆದು ತಿರಸ್ಕರಿಸಿದ್ರೂ ಪಾಲಿಸಿದ ಹಾಗೇ. ಇದು ಗೊತ್ತಿಲ್ದೆ ಗೆದ್ವಿ ಅಂತ ಊರಿಗೆಲ್ಲ ಸಿಹಿ ಹಂಚಿ ಆಮೇಲೆ ಕಂಗಾಲಾಗೋರನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ, ವಕೀಲರು ಮೊದ್ಲೇ ಬಿಡಿಸಿ ಹೇಳ್ಬೇಕು. ಆದೇಶ ಬಂದ ಮೇಲೆ ದೃಢೀಕೃತ ಪ್ರತಿ ತಗೊಂಡು ಆಫೀಸಿಗೆ ನೀವೇ ತಲುಪಿಸಿ, ಅಲ್ಲೂ ಸೀಲು ಹಾಕಿಸ್ಕೊಳ್ಳಿ, ಎಷ್ಟೋ ಆದೇಶದಲ್ಲಿ ವಾರದ ಲೆಕ್ಕ ಪ್ರತಿ ತಲುಪಿದ ದಿನದಿಂದ ಶುರು. ಗಡುವು ಮುಗಿದ್ರೂ ಮಾಡ್ಲಿಲ್ಲ ಅಂದ್ರೆ ನ್ಯಾಯಾಂಗ ನಿಂದನೆ ಅರ್ಜಿ ಹಾಕಬಹುದು, ಅದಕ್ಕೆ ಮಾತ್ರ ಒಂದು ವರ್ಷದ ಮಿತಿ ಇದೆ, ಗಡುವು ಮುಗಿದ ತಾರೀಖನ್ನ ಆದೇಶದ ಪ್ರತಿ ಮೇಲೇ ಬರೆದಿಟ್ಕೊಳ್ಳಿ.